ಚಕಮಕಿ ಕೋವಿಯ ಪುನರ್ಜನ್ಮ

ಪದಾರ್ಥ ಸತ್ತ ಮೇಲೂ ಪದ ಬದುಕಿರುವುದು ಭಾಷೆಗಳಲ್ಲಿ ಕಾಣುವ ಒಂದು ವಿಚಿತ್ರ. ಒಂದು ಕ್ಷಣ ಮಿನುಗಿ, ಫಲ ಕೊಡದೆ ಆರಿಹೋದವನನ್ನು ಇಂಗ್ಲಿಷಿನಲ್ಲಿ ‘ಫ್ಲ್ಯಾಶ್ ಇನ್ ದಿ ಪ್ಯಾನ್’ ಎನ್ನುತ್ತಾರೆ. ಒಂದು ಮನೆಯನ್ನೋ ಅಂಗಡಿಯನ್ನೋ ಸಾರಾಸಗಟಾಗಿ ಕೊಂಡರೆ ‘ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್’ ಕೊಂಡರೆಂದು ಹೇಳುವುದುಂಟು. ಹೀಗೆ ಆಡುವವರಲ್ಲಿ ಆ ‘ಪ್ಯಾನ್’ ಯಾವುದು, ಆ ‘ಲಾಕ್’ ಎಂಥದು ಎಂದು ಕಂಡವರು ಎಷ್ಟು ಮಂದಿ? ನಮ್ಮಲ್ಲಿಯೂ ಹಾಗೆಯೇ. ಕಿಟ್ಟೆಲರ ನಿಘಂಟಿನಲ್ಲಿ ‘ಕುದುರೆ’ ಎಂಬ ಮಾತಿಗೆ ಸವಾರಿಯ ಪ್ರಾಣಿಯೊಡನೆ ಬಂದೂಕಿನ ಒಂದು ಅಂಗವೆಂಬ ಅರ್ಥವೂ ಇದೆ. ಬಂದೂಕಿನಲ್ಲಿ ಕುದುರೆ ಏಕೆ ಬಂತು, ಅದು ಏನು ಮಾಡುತ್ತಿತ್ತು ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳಿರಲಿ, ನಾವು ಮೇಷ್ಟರುಗಳೂ ಸ್ವಲ್ಪ ತಡವರಿಸಬೇಕಾದೀತು. ಈ ಮಾತುಗಳೆಲ್ಲ ಒಂದೇ ವಸ್ತುವಿನ ಸುತ್ತ ಹುಟ್ಟಿಕೊಂಡವು. ಅದು ಚಕಮಕಿ ಕಲ್ಲಿನಿಂದ ಕಿಡಿ ಹೊತ್ತಿಸಿ ಹಾರಿಸುವ ಕೋವಿ, ಎಂದರೆ ಇಂಗ್ಲಿಷಿನ ‘ಫ್ಲಿಂಟ್‌ಲಾಕ್’. ಸತ್ತುಹೋಯಿತೆಂದು ಎಲ್ಲರೂ ತಿಳಿದ ಆ ಕೋವಿಯನ್ನು ಕೇವಲ ಹವ್ಯಾಸಕ್ಕಾಗಿ ಮತ್ತೆ ಬದುಕಿಸಿದ ಕೆಲವು ಜನರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಅದರ ಯಂತ್ರವನ್ನು ತಿಳಿಯೋಣ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಗುಂಡಿಟ್ಟು, ಗಜದಿಂದ ಒತ್ತಿ ಕೂರಿಸಬೇಕು. ನಳಿಗೆಯ ಬುಡದಲ್ಲಿ ಪಕ್ಕಕ್ಕೆ ಒಂದು ಸಣ್ಣ ರಂಧ್ರ. ಅದರ ಹೊರಗೆ ಒಂದು ಪುಟ್ಟ ಬಟ್ಟಲು. ಇದೇ ಇಂಗ್ಲಿಷ್ ನುಡಿಗಟ್ಟಿನ ‘ಪ್ಯಾನ್’. ಈ ಬಟ್ಟಲಿಗೆ ಹಿಂದಿನವರು ರಂಜಕವೆನ್ನುತ್ತಿದ್ದ ನುಣ್ಣನೆಯ ಮದ್ದನ್ನು ಒಂದು ಚಿಟಿಕೆ ಹಾಕಿ, ಮೇಲೆ ಉಕ್ಕಿನ ಮುಚ್ಚಳವನ್ನು ಮುಚ್ಚುತ್ತಾರೆ. ‘ಕುದುರೆ’ಯ ಬಾಯಲ್ಲಿ, ತೊಗಲಿನ ತುಣುಕಿನ ನಡುವೆ, ಚಕಮಕಿ ಕಲ್ಲನ್ನು ಕಚ್ಚಿಸಿರುತ್ತದೆ. ಬೆರಳು ಎಳೆದೊಡನೆ ಒಳಗಿನ ಕಮಾನು ಕುದುರೆಯನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಕಲ್ಲು ಉಕ್ಕಿನ ಮುಚ್ಚಳದ ಮುಖವನ್ನು ಕೆರೆಯುತ್ತದೆ. ಅದೇ ಪೆಟ್ಟಿಗೆ ಮುಚ್ಚಳ ತೆರೆದು ಕಿಡಿಗಳು ರಂಜಕದ ಮೇಲೆ ಬೀಳುತ್ತವೆ. ಬೆಂಕಿ ರಂಧ್ರದ ಮೂಲಕ ಒಳಹೊಕ್ಕು ಕೋವಿ ಹಾರುತ್ತದೆ. ಬಟ್ಟಲಿನ ಮದ್ದು ಮಾತ್ರ ಭುಗ್ಗೆಂದು ಉರಿದು, ಒಳಗಿನ ಮದ್ದು ಹೊತ್ತದೆ ಹೋದರೆ, ಅದೇ ‘ಫ್ಲ್ಯಾಶ್ ಇನ್ ದಿ ಪ್ಯಾನ್’. ಇಲ್ಲಿ ಒಂದು ಸ್ವಾರಸ್ಯವುಂಟು. ಕಿಡಿ ಕಲ್ಲಿನದೆಂದು ನಾವೆಲ್ಲ ನಂಬಿದ್ದೇವೆ. ನಿಜವಾಗಿ ಉರಿಯುವುದು ಕಲ್ಲಲ್ಲ, ಉಕ್ಕು. ಕಲ್ಲಿನ ಚೂಪಾದ ಅಂಚು ಉಕ್ಕಿನಿಂದ ಅತಿ ಸಣ್ಣ ಚೂರುಗಳನ್ನು ಹೆರೆಯುತ್ತದೆ. ಆ ಚೂರುಗಳು ಕಾದು ಗಾಳಿಯಲ್ಲಿ ಉರಿಯುತ್ತವೆ. ಉಕ್ಕು ಮೆತ್ತಗಾದರೂ ಕಿಡಿಯಿಲ್ಲ, ಕಲ್ಲು ಮೊಂಡಾದರೂ ಕಿಡಿಯಿಲ್ಲ.

ಈ ಯಂತ್ರವನ್ನು ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಮಾರಾಂ ಲ ಬೂರ್ಜ್ವಾ ಎಂಬ ಕುಶಲಿ 1610ರ ಸುಮಾರಿಗೆ ರೂಪಿಸಿದನೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ ಎರಡು ಶತಮಾನಗಳ ಕಾಲ ಪ್ರಪಂಚದ ರಾಜ್ಯಗಳು ಎದ್ದದ್ದೂ ಬಿದ್ದದ್ದೂ ಬಹುಮಟ್ಟಿಗೆ ಈ ಕಲ್ಲಿನ ಕಿಡಿಯಿಂದಲೇ. ಇದಕ್ಕೆ ಅಂತ್ಯ ಬಂದುದು ಒಬ್ಬ ಪಾದ್ರಿಯ ಕೈಯಿಂದ. ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಗೆ ಹಕ್ಕಿಬೇಟೆಯ ಹುಚ್ಚು. ಬಟ್ಟಲಿನ ಮದ್ದು ಮಿಂಚಿದೊಡನೆ, ಗುಂಡು ತಲುಪುವ ಮೊದಲೇ ಹಕ್ಕಿಗಳು ಬೆದರಿ ಹಾರಿಹೋಗುತ್ತಿದ್ದುವು. ಆತ ಕಿಡಿಯ ಬದಲು ಪೆಟ್ಟಿನಿಂದಲೇ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯವನ್ನು ಕಂಡುಹಿಡಿದು 1807ರಲ್ಲಿ ಹಕ್ಕುಪತ್ರ ಪಡೆದ. ಅದರಿಂದ ಮುಂದೆ ಬಂದುದೇ ತಾಮ್ರದ ಟೋಪಿಯಂಥ ಕೇಪು. ನಮ್ಮ ಮಲೆನಾಡಿಗರು ಇಂದಿಗೂ ಹೇಳುವ ‘ಕೇಪಿನ ಕೋವಿ’ಯ ಕೇಪು. 1840ರ ಸುಮಾರಿಗೆ ಬ್ರಿಟಿಷ್ ಸೈನ್ಯವೂ ಚಕಮಕಿಯನ್ನು ಕೈಬಿಡತೊಡಗಿತು.

ಚಕಮಕಿ ಕೋವಿಗಳಲ್ಲೆಲ್ಲ ಅತ್ಯಂತ ಚೆಲುವಾದುದು ಎಂದು ಬಲ್ಲವರು ಹೊಗಳುವುದು ಅಮೆರಿಕದ ಉದ್ದ ರೈಫಲನ್ನು. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ ಜರ್ಮನರು ತಮ್ಮ ನಾಡಿನ ಬೇಟೆಗಾರರ ರೈಫಲಿನ ವಿದ್ಯೆಯನ್ನು ಜೊತೆಗೆ ತಂದರು. ಆ ಮೂಲದ ರೈಫಲ್ ಗಿಡ್ಡ, ಗುಂಡು ದಪ್ಪ. ಹೊಸ ನಾಡಿನ ಕಾಡು ಬೇರೆ, ಬೇಟೆ ಬೇರೆ, ಬಡತನ ಬೇರೆ. ತಿಂಗಳುಗಟ್ಟಲೆ ಊರಿಂದ ದೂರವಿರುವ ಬೇಟೆಗಾರನಿಗೆ ಸೀಸವೂ ಮದ್ದೂ ತುಟ್ಟಿ. ಆದುದರಿಂದ ಲ್ಯಾಂಕಾಸ್ಟರ್ ಮೊದಲಾದ ಊರುಗಳ ಕೋವಿ ಕಮ್ಮಾರರು ಗುಂಡನ್ನು ಸಣ್ಣದು ಮಾಡಿದರು, ನಳಿಗೆಯನ್ನು ನಲವತ್ತು ಅಂಗುಲಕ್ಕೂ ಮೀರಿ ಬೆಳೆಸಿದರು, ಒಡಲಿಗೆ ಅಲ್ಲಿಯೇ ಬೆಳೆಯುವ ಮೇಪಲ್ ಮರವನ್ನು ಆರಿಸಿಕೊಂಡರು. ನಳಿಗೆಯ ಒಳಗೆ ಸುರುಳಿಯಾಗಿ ತೋಡಿದ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಗುಂಡು ಗುರಿ ತಪ್ಪುವುದು ಕಡಿಮೆ. ಗುಂಡನ್ನು ಜಿಡ್ಡು ಹಚ್ಚಿದ ಬಟ್ಟೆಯ ತುಣುಕಿನಲ್ಲಿ ಸುತ್ತಿ ತುರುಕಿದರೆ ಅದು ಗೆರೆಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಆ ಬಟ್ಟೆಯನ್ನೋ ಜಿಡ್ಡನ್ನೋ ಇಡಲು ಕೋವಿಯ ಹಿಡಿಯಲ್ಲಿಯೇ ಒಂದು ಗೂಡು. ಅದಕ್ಕೆ ಕೆತ್ತನೆಯ ಹಿತ್ತಾಳೆ ಬಾಗಿಲು. ಜರ್ಮನಿಯಲ್ಲಿ ಹುಟ್ಟಿ ಲ್ಯಾಂಕಾಸ್ಟರಿನಲ್ಲಿ ಹೆಸರಾದ ಜೇಕಬ್ ಡಿಕರ್ಟನಂಥವರ ಕೈಕೆಲಸವನ್ನು ಇಂದು ಚಿತ್ರ, ಶಿಲ್ಪಗಳ ಸಾಲಿನಲ್ಲಿಟ್ಟು ನೋಡುತ್ತಾರೆ.

ಈ ಕೋವಿಗೆ ಕೀರ್ತಿ ಬಂದುದು ಯುದ್ಧದಿಂದ. ಹೆಸರು ಬಂದುದು ಹಾಡಿನಿಂದ. 1780ರ ಕಿಂಗ್ಸ್ ಮೌಂಟನ್ ಕಾಳಗದಲ್ಲಿ ಗುಡ್ಡಗಾಡಿನ ಬೇಟೆಗಾರರು ಬ್ರಿಟಿಷ್ ಪಕ್ಷದ ಪ್ಯಾಟ್ರಿಕ್ ಫರ್ಗ್ಯುಸನ್ನನ ಪಡೆಯನ್ನು ಸುತ್ತುವರಿದು ಮುರಿದರು. ಹಿಂದಿನಿಂದ ಮದ್ದು ತುಂಬುವ ನವೀನ ರೈಫಲೊಂದಕ್ಕೆ 1776ರಲ್ಲಿ ಹಕ್ಕುಪತ್ರ ಪಡೆದಿದ್ದ ಫರ್ಗ್ಯುಸನ್, ಬಾಯಿಂದ ಮದ್ದು ತುಂಬುವ ಹಳ್ಳಿಗರ ರೈಫಲುಗಳ ಮುಂದೆ ಮಡಿದದ್ದು ವಿಧಿಯ ಅಣಕವೇ ಸರಿ. 1815ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಬ್ರಿಟಿಷರು ಸೋತಾಗ, ಬಹುಪಾಲು ಕೆಲಸ ಮಾಡಿದ್ದು ಫಿರಂಗಿಗಳೇ ಆದರೂ, ಆಮೇಲೆ ಜನಪ್ರಿಯವಾದ ಒಂದು ಹಾಡು ಜಯವನ್ನೆಲ್ಲ ಕೆಂಟಕಿಯ ಬೇಟೆಗಾರರಿಗೆ ಕೊಟ್ಟುಬಿಟ್ಟಿತು. ಹೀಗೆ ಪೆನ್ಸಿಲ್ವೇನಿಯಾದ ಕೋವಿ ‘ಕೆಂಟಕಿ ರೈಫಲ್’ ಎಂದಾಯಿತು. ಲಾವಣಿಯ ಬಲದ ಮುಂದೆ ಇತಿಹಾಸದ ಬಲ ಎಷ್ಟರದು!

ಆದರೆ ಹಾಡಿನಿಂದ ಹೊಟ್ಟೆ ತುಂಬುವುದಿಲ್ಲ. ಕೇಪು ಬಂತು, ತೋಟಾ ಬಂತು, ಕಾರ್ಖಾನೆಗಳು ಸಾವಿರಗಟ್ಟಲೆ ಒಂದೇ ಅಚ್ಚಿನ ಬಂದೂಕುಗಳನ್ನು ಹೊರಹಾಕಿದುವು. ಕೋವಿ ಕಮ್ಮಾರನ ಮಗ ರೈಲ್ವೆಗೋ ಗಿರಣಿಗೋ ಸೇರಿದ. ಅಪಲೇಚಿಯನ್ ಬೆಟ್ಟಗಳ ಒಳನಾಡಿನಲ್ಲಿ ಮಾತ್ರ ಅಲ್ಲೊಬ್ಬ ಇಲ್ಲೊಬ್ಬ ಮುದುಕ ಹಳೆಯ ರೀತಿಯ ಕೆಲಸ ನಡೆಸುತ್ತಿದ್ದ. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಹಳೆಯ ರೈಫಲುಗಳು ಅಟ್ಟ ಸೇರಿದ್ದುವು.

ಅವನ್ನು ಅಟ್ಟದಿಂದ ಇಳಿಸಿದವರು ವಿದ್ವಾಂಸರಲ್ಲ, ಹವ್ಯಾಸಿಗಳು. ಕ್ಯಾಪ್ಟನ್ ಜಾನ್ ಡಿಲಿನ್ ಎಂಬ ಸಂಗ್ರಾಹಕ 1924ರಲ್ಲಿ ‘ದಿ ಕೆಂಟಕಿ ರೈಫಲ್’ ಎಂಬ ಗ್ರಂಥವನ್ನು ಹೊರತಂದ. ಅದರಿಂದ ಆ ಕೋವಿಗೆ ಒಂದು ಚರಿತ್ರೆಯುಂಟೆಂಬುದು ಸಾಮಾನ್ಯರಿಗೂ ತಿಳಿಯಿತು. 1931ರಲ್ಲಿ, ಆರ್ಥಿಕ ಮುಗ್ಗಟ್ಟು ಬಿಗಿಯಾಗುತ್ತಿದ್ದ ಕಾಲದಲ್ಲಿ, ಒಹೈಯೋದ ಪೋರ್ಟ್ಸ್‌ಮತ್ ಎಂಬ ಊರಿನಲ್ಲಿ ಕೆಲವರು ಸೇರಿ ತಮ್ಮ ಅಜ್ಜಂದಿರ ಕೋವಿಗಳಿಂದ ಗುರಿಯ ಪಂದ್ಯವೊಂದನ್ನು ನಡೆಸಿದರು. ಅದರ ಫಲವಾಗಿ 1933ರಲ್ಲಿ ಬಾಯಿಂದ ಮದ್ದು ತುಂಬುವ ಕೋವಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಆ ಸಂಘಕ್ಕೆ ಇಂಡಿಯಾನಾದ ಫ್ರೆಂಡ್‌ಷಿಪ್ ಎಂಬ ಹಳ್ಳಿಯಲ್ಲಿ ಸ್ವಂತ ಮೈದಾನವುಂಟು. ಕೋವಿಗಾರರ ಜಾತ್ರೆ ಸೇರುವ ಆ ಹಳ್ಳಿಯ ಹೆಸರಿಗೆ ‘ಗೆಳೆತನ’ವೆಂಬ ಅರ್ಥವಿರುವುದು ಒಂದು ಚೋದ್ಯ. ಪಂದ್ಯ ಆಡಿದವನಿಗೆ ಕೋವಿ ಕೆಟ್ಟರೆ ರಿಪೇರಿ ಬೇಕು; ರಿಪೇರಿಗೆ ಬಲ್ಲವನು ಬೇಕು. ಬಲ್ಲವನಿಲ್ಲದಾಗ ತಾನೇ ಅರ ಹಿಡಿಯಬೇಕು. ಹೀಗೆ ಆಟ ಅಭ್ಯಾಸವಾಯಿತು, ಅಭ್ಯಾಸ ವಿದ್ಯೆಯಾಯಿತು.

ಆದರೂ ಬಹಳ ಕಾಲ ಒಂದು ಕೊರತೆ ಉಳಿದಿತ್ತು. ಕಾರ್ಖಾನೆಯ ನಳಿಗೆಯನ್ನು ತಂದು ಕೂರಿಸುವವರಿದ್ದರೇ ಹೊರತು, ಹಿಂದಿನವರಂತೆ ಕಬ್ಬಿಣದ ಪಟ್ಟಿಯಿಂದಲೇ ಆರಂಭಿಸಿ ಇಡೀ ಕೋವಿಯನ್ನು ಮಾಡುವವರಿರಲಿಲ್ಲ. ಅದನ್ನು ಮಾಡಿ ತೋರಿಸಿದವರು ವಾಲೆಸ್ ಗಸ್ಲರ್. ವರ್ಜೀನಿಯಾದ ಹಳೆಯ ರಾಜಧಾನಿ ವಿಲಿಯಮ್ಸ್‌ಬರ್ಗನ್ನು 1926ರಿಂದ ಹದಿನೆಂಟನೆಯ ಶತಮಾನದ ರೂಪಕ್ಕೆ ಮರಳಿಸುವ ಕೆಲಸ ನಡೆದಿತ್ತು. ಹುಡುಗನಾಗಿದ್ದಾಗಲೇ ಕೋವಿ ಮಾಡಲು ತೊಡಗಿದ್ದ ಗಸ್ಲರ್ 1960ರ ದಶಕದಲ್ಲಿ ಅಲ್ಲಿಯ ಕೋವಿ ಕುಲುಮೆಯ ಮುಖ್ಯಸ್ಥರಾಗಿ, ಹಳೆಯ ಕಾಲದ ಸಾಧನಗಳಿಂದಲೇ ಸಂಪೂರ್ಣ ರೈಫಲೊಂದನ್ನು ನಿರ್ಮಿಸಿದರು. ಆ ದಶಕದ ಕೊನೆಯಲ್ಲಿ ಈ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಚಲನಚಿತ್ರವಾಗಿಯೂ ತೆಗೆದರು.

ಆ ಕೆಲಸದ ಕ್ರಮ ಇಂತಿದೆ. ಕಬ್ಬಿಣದ ಉದ್ದ ಪಟ್ಟಿಯನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಸಲಾಕಿಯ ಸುತ್ತ ಬಾಗಿಸಿ, ಅಂಚಿಗೆ ಅಂಚು ಸೇರಿಸಿ, ಕೆಲವು ಅಂಗುಲ ಕೆಲವು ಅಂಗುಲವಾಗಿ ಬಡಿದು ಬೆಸೆಯುತ್ತಾರೆ. ಒಂದು ಕಡೆ ಬೆಸುಗೆ ಹುಸಿಯಾದರೂ ನಳಿಗೆ ಒಡೆದು ಹಾರಿಸುವವನ ಜೀವಕ್ಕೇ ಅಪಾಯ. ಒಳಗನ್ನು ಕೊರೆದು ನುಣುಪು ಮಾಡಿ, ನಳಿಗೆ ನೆಟ್ಟಗಿದೆಯೇ ಎಂದು ಅದರೊಳಗೆ ಎಳೆದ ದಾರವನ್ನು ಕಣ್ಣಿಟ್ಟು ನೋಡಿ ತಿದ್ದುತ್ತಾರೆ. ಆಮೇಲೆ ಸುರುಳಿ ಗೆರೆ. ಮರದ ಉದ್ದ ಕೊರಡೊಂದರ ಮೈಮೇಲೆ ಸುರುಳಿಯಾಗಿ ಕಾಲುವೆ ತೋಡಿರುತ್ತದೆ. ಅದನ್ನು ಎಳೆದಾಗ ಅದು ತಿರುಗುತ್ತ ಬರುತ್ತದೆ, ಅದರ ತುದಿಗೆ ಕಟ್ಟಿದ ಸಣ್ಣ ಉಕ್ಕಿನ ಹಲ್ಲು ನಳಿಗೆಯೊಳಗೆ ಅದೇ ತಿರುವನ್ನು ಗೀಚುತ್ತದೆ. ಒಂದು ಎಳೆತಕ್ಕೆ ಕೂದಲೆಳೆಯಷ್ಟೂ ಕಬ್ಬಿಣ ಬರುವುದಿಲ್ಲ. ಹಲ್ಲು ಸವರುವುದು ನಿಂತಾಗ ಅದರ ಕೆಳಗೆ ಒಂದು ಕಾಗದದ ಚೂರಿಟ್ಟು ಎತ್ತರಿಸುತ್ತಾರೆ, ಮತ್ತೆ ಎಳೆತ. ಹೀಗೆ ಏಳೆಂಟು ಗೆರೆ. ಒಂದು ಕಾಗದದ ದಪ್ಪವೇ ಅಲ್ಲಿ ಅಳತೆ.

ಕೀಲಿನ ಕೆಲಸ ಇದಕ್ಕಿಂತ ಸೂಕ್ಷ್ಮ. ಕಮಾನನ್ನು ಕೆಂಪಗೆ ಕಾಯಿಸಿ ಅದ್ದಿ ಗಡುಸು ಮಾಡಿದರೆ ಅದು ಗಾಜಿನಂತೆ ಮುರಿಯುತ್ತದೆ. ಎಣ್ಣೆ ಸವರಿ ಆ ಎಣ್ಣೆ ಉರಿದು ಹೋಗುವಷ್ಟು ಮಾತ್ರ ಮತ್ತೆ ಕಾಯಿಸಿದರೆ ಬಾಗಿಯೂ ಮುರಿಯದ ಹದ ಬರುತ್ತದೆ. ಮೆತ್ತಗಿನ ಕಬ್ಬಿಣದ ಭಾಗಗಳನ್ನು ಮೂಳೆಯ ಇದ್ದಲಿನೊಡನೆ ಪೆಟ್ಟಿಗೆಯಲ್ಲಿ ತುಂಬಿ ಕಾಯಿಸಿ ನೀರಿಗೆ ಬಿಟ್ಟರೆ ಮೈ ಮಾತ್ರ ಉಕ್ಕಿನಷ್ಟು ಗಡುಸಾಗುತ್ತದೆ. ಮೇಪಲ್ ಮರಕ್ಕೆ ಕಬ್ಬಿಣ ಕರಗಿಸಿದ ಆಮ್ಲವನ್ನು ಬಳಿದು ಕೆಂಡದ ಮುಂದೆ ಹಿಡಿದರೆ, ಅದುವರೆಗೆ ಅಡಗಿದ್ದ ಹುಲಿಪಟ್ಟೆಯಂಥ ಗೆರೆಗಳು ಕಂದುಬಣ್ಣದಲ್ಲಿ ಮೂಡುತ್ತವೆ. ಮೇಲೆ ಅಗಸೆ ಎಣ್ಣೆ. ಇವೆಲ್ಲವನ್ನೂ ಪುಸ್ತಕದಲ್ಲಿ ಬರೆದಿಡಬಹುದು, ನಾನೀಗ ಬರೆದಂತೆ. ಆದರೆ ಎಣ್ಣೆ ಎಷ್ಟು ಹೊತ್ತು ಉರಿಯಬೇಕು, ಕಬ್ಬಿಣದ ಬಿಳುಪು ಯಾವ ಬಿಳುಪು ಎಂಬುದನ್ನು ಕಣ್ಣೂ ಕೈಯೂ ಕಲಿಯಬೇಕೇ ಹೊರತು ಪುಸ್ತಕ ಕಲಿಸಲಾರದು. ನೂರು ಕಮಾನು ಮುರಿದವನಿಗೆ ಮಾತ್ರ ನೂರೊಂದನೆಯದು ಒಲಿಯುತ್ತದೆ.

1976ರಲ್ಲಿ ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷ ಬಂದಾಗ ಈ ಹವ್ಯಾಸ ಊರೂರಿಗೆ ಹಬ್ಬಿತು. ಜಾರ್ಜಿಯಾದ ಬೆಟ್ಟದ ಸೀಮೆಯ ಶಾಲಾಮಕ್ಕಳು ತಮ್ಮ ಹಿರಿಯರನ್ನು ಕೇಳಿ ಬರೆದುಕೊಂಡ ‘ಫಾಕ್ಸ್‌ಫೈರ್’ ಮಾಲೆಯ ಐದನೆಯ ಸಂಪುಟ 1979ರಲ್ಲಿ ಬಂತು. ಅದರಲ್ಲಿ ಚಕಮಕಿ ರೈಫಲಿನ ನಿರ್ಮಾಣಕ್ಕೆ ದೊಡ್ಡ ಭಾಗವೇ ಮೀಸಲು. 1996ರಲ್ಲಿ, ಹೊಸದಾಗಿ ಉದ್ದ ರೈಫಲುಗಳನ್ನು ಮಾಡುವವರದೇ ಒಂದು ಸಂಘ ಸ್ಥಾಪಿತವಾಯಿತು.

ಇಲ್ಲಿಯವರೆಗೆ ಹೇಳಿದ್ದು ಹೊಸದನ್ನು ಮಾಡುವ ಮಾತು. ಹಳೆಯದನ್ನು ದುರಸ್ತು ಮಾಡುವುದು ಇದರ ಇನ್ನೊಂದು ಮುಖ; ಕಷ್ಟ ಇರುವುದೂ ಅಲ್ಲಿಯೇ. ಕೇಪು ಬಂದ ಮೇಲೆ ಜಾಣ ಒಕ್ಕಲಿಗ ತನ್ನ ಒಳ್ಳೆಯ ರೈಫಲನ್ನು ಎಸೆಯಲಿಲ್ಲ. ಕಮ್ಮಾರನ ಬಳಿ ಒಯ್ದು, ಬಟ್ಟಲು ಮುಚ್ಚಳಗಳನ್ನು ಕೀಳಿಸಿ, ಕಲ್ಲು ಕಚ್ಚುವ ಕುದುರೆಯ ಬದಲು ಸುತ್ತಿಗೆ ಕೂರಿಸಿ, ಕೇಪಿನ ಕೋವಿಯಾಗಿ ಮಾರ್ಪಡಿಸಿಕೊಂಡ. ಉಳಿದಿರುವ ಹಳೆಯ ರೈಫಲುಗಳಲ್ಲಿ ಅನೇಕವು ಹೀಗೆ ಮಾರ್ಪಟ್ಟವು. ಇವು ಹವ್ಯಾಸಿಗಳ ಕೈಗೆ ಬಂದಾಗ ಅವರು ಉತ್ಸಾಹದಿಂದ ಕೇಪಿನ ಭಾಗಗಳನ್ನು ಕಿತ್ತು, ಹೊಸ ಬಟ್ಟಲು, ಹೊಸ ಮುಚ್ಚಳ, ಹೊಸ ಕುದುರೆ ಹಾಕಿ ‘ಮೂಲರೂಪ’ಕ್ಕೆ ತಂದರು. ಕಪ್ಪಾದ ಹಿತ್ತಾಳೆ ಚಿನ್ನದಂತಾಯಿತು. ಮರವನ್ನು ಉಜ್ಜುಕಾಗದದಿಂದ ತಿಕ್ಕಿ ಹೊಸ ಎಣ್ಣೆ ಕುಡಿಸಿದ್ದಾಯಿತು. ನೋಡಲು ಸೊಗಸು. ಆದರೆ ಆ ಉಜ್ಜುಕಾಗದದೊಡನೆ ಹೋದದ್ದೇನು? ಮೂಲ ಕುಶಲಿಯ ಉಳಿಯ ಗೆರೆ, ಅವನು ಅಳತೆಗೆ ಎಳೆದ ಗೀಟು, ಮೂರು ತಲೆಮಾರು ಹಿಡಿದ ಕೈಗಳ ಜಿಡ್ಡು. ಕೇಪಿನ ಸುತ್ತಿಗೆಯೊಡನೆ ಹೋದದ್ದು, ಬಡವನೊಬ್ಬ ತನ್ನ ತಂದೆಯ ಕೋವಿಯನ್ನು ಕಾಲಕ್ಕೆ ಹೊಂದಿಸಿಕೊಂಡ ಕಥೆ. ಅದೂ ಚರಿತ್ರೆಯಲ್ಲವೆ?

‘ಜೀರ್ಣೋದ್ಧಾರ’ವೆಂಬ ಮಾತು ನಮಗೆ ಚೆನ್ನಾಗಿ ಗೊತ್ತು. ಹಳೆಯ ಗುಡಿಯ ಕಂಬಗಳಿಗೆ ಎಣ್ಣೆಬಣ್ಣ ಬಳಿದು, ಶಾಸನದ ಕಲ್ಲನ್ನು ಸುಣ್ಣದಲ್ಲಿ ಮುಳುಗಿಸಿ, ಭಕ್ತಿಯಿಂದಲೇ ಚರಿತ್ರೆಯನ್ನು ಅಳಿಸಿದ ಉದಾಹರಣೆಗಳು ಎಷ್ಟಿಲ್ಲ! ಗ್ರಂಥ ಸಂಪಾದನೆಯಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನ ತಪ್ಪು ಕಂಡರೆ ಒಳ್ಳೆಯ ಸಂಪಾದಕ ಅದನ್ನು ಸದ್ದಿಲ್ಲದೆ ತಿದ್ದುವುದಿಲ್ಲ. ತನ್ನ ಊಹೆ ಇಂಥದು, ಪ್ರತಿಯಲ್ಲಿರುವ ಪಾಠ ಇಂಥದು ಎಂದು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಳ್ಳುತ್ತಾನೆ. ಮುಂದೆ ಬರುವವನಿಗೆ ತನ್ನನ್ನು ಮೀರುವ ದಾರಿಯನ್ನು ತೆರೆದಿಡುತ್ತಾನೆ. ಕೋವಿಯ ಹವ್ಯಾಸಿಗಳಲ್ಲಿ ವಿವೇಕಿಗಳು ಅನೇಕ ವರ್ಷಗಳ ಅನುಭವದಿಂದ ಇದೇ ನೀತಿಗೆ ಬಂದಿದ್ದಾರೆ. ಹಳೆಯ ಕೋವಿಯಲ್ಲಿ ಕೊಳೆತುಹೋಗುವುದನ್ನು ತಡೆ, ಮುರಿದುದನ್ನು ಹಿಂದಿರುಗಿಸಲು ಬರುವಂತೆ ಜೋಡಿಸು, ಮಾಡಿದುದನ್ನು ಬರೆದಿಡು, ಉಳಿದುದನ್ನು ಮುಟ್ಟಬೇಡ. ಕೈ ತುರಿಸುತ್ತಿದ್ದರೆ ಹೊಸ ಮರ, ಹೊಸ ಕಬ್ಬಿಣ ತೆಗೆದುಕೊಂಡು ಹೊಸ ಕೋವಿ ಮಾಡು. ನಳಿಗೆಯ ಮೇಲೆ ನಿನ್ನ ಹೆಸರನ್ನೇ ಕೊರೆ. ಈ ಕೊನೆಯ ಮಾತು ಮುಖ್ಯ. ಕಾರ್ಯಕೌಶಲ ಬೆಳೆದಂತೆ ಹೊಸದನ್ನು ಹಳೆಯದೆಂದು ಮಾರುವ ಆಸೆಯೂ ಬೆಳೆಯುತ್ತದೆ. ಮೋಸಗಾರನಿಗೂ ಕುಶಲಿಗೂ ಇರುವ ಅಂತರ ಕೈಯಲ್ಲಿಲ್ಲ, ಆ ಹೆಸರಿನಲ್ಲಿದೆ.

ಇಷ್ಟು ದೂರದ ನಾಡಿನ ಕಥೆಯನ್ನು ಓದುವಾಗ ನಮ್ಮ ಮನಸ್ಸು ಶ್ರೀರಂಗಪಟ್ಟಣದ ಕಡೆ ಹೋಗದೆ ಇರದು. ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ಚಕಮಕಿ ಕೋವಿಗಳು ತಯಾರಾಗುತ್ತಿದ್ದುವು. 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನ ಕಂಡ ಅವನ ರಾಯಭಾರಿಗಳು ಅಲ್ಲಿಂದ ಕುಶಲಿಗಳನ್ನು ಕಳಿಸಬೇಕೆಂದು ಕೇಳಿದ್ದರು. ಇಲ್ಲಿಯ ಕಮ್ಮಾರರು ಐರೋಪ್ಯ ಯಂತ್ರವನ್ನು ಅರಗಿಸಿಕೊಂಡು ತಮ್ಮದೇ ಆದ ರೂಪ ಕೊಟ್ಟರು. ನಳಿಗೆಯ ಮೇಲೆ ಹುಲಿಪಟ್ಟೆ, ಹೈದರನ ಹೆಸರಿನ ಮುದ್ರೆ, ಟಿಪ್ಪು ತಾನೇ ಏರ್ಪಡಿಸಿದ ಮೌಲೂದಿ ಶಕದ ವರ್ಷ. ಕೆಲವು ಕೋವಿಗಳಲ್ಲಿ ಕುದುರೆಯೇ ಹುಲಿಯ ಆಕಾರ ತಾಳಿದೆ! 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇವು ಕೊಳ್ಳೆಯ ಸಾಮಾನಾಗಿ ಕಡಲು ದಾಟಿದುವು. 2019ರಲ್ಲಿ ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿದ್ದ ಟಿಪ್ಪುವಿನ ಕಾಲದ ಚಕಮಕಿ ಕೋವಿಯೊಂದು ಹರಾಜಿಗೆ ಬಂತು. ಕಾಳಗದಲ್ಲಿ ಪೆಟ್ಟು ತಿಂದ ಗುರುತು ಅದರ ಮೇಲಿದೆಯೆಂದು ಹರಾಜಿನವರು ಹೇಳಿಕೊಂಡರು. ಯಾರೋ ಒಬ್ಬ ಉತ್ಸಾಹಿ ಅದನ್ನು ‘ಸರಿಪಡಿಸಿ’ ಬಿಟ್ಟಿದ್ದರೆ ಆ ಸಾಕ್ಷ್ಯವೂ ಉಳಿಯುತ್ತಿರಲಿಲ್ಲ.

ಲ್ಯಾಂಕಾಸ್ಟರಿನ ವಿದ್ಯೆಗೆ ಕೊನೆಗೆ ಬೆಟ್ಟದ ಮುದುಕರಾದರೂ ಉಳಿದಿದ್ದರು. ಶ್ರೀರಂಗಪಟ್ಟಣದ ವಿದ್ಯೆಗೆ ಅರಸನೊಬ್ಬನೇ ಆಶ್ರಯ. ಅವನು ಬಿದ್ದ ದಿನ ಕುಲುಮೆಯೂ ಆರಿತು. ಅಮೆರಿಕದವರ ಹವ್ಯಾಸವನ್ನು ನಾವು ಹಾಗೆಯೇ ಅನುಕರಿಸಲಾರೆವು, ಅನುಕರಿಸಬೇಕಾದುದೂ ಇಲ್ಲ. ಅಲ್ಲಿ 1968ರ ಕೇಂದ್ರ ಕಾನೂನು ಚಕಮಕಿ ಕೋವಿಯನ್ನು ಪುರಾತನ ವಸ್ತುವೆಂದೆಣಿಸಿ ಬಿಟ್ಟುಕೊಟ್ಟಿದೆ. ನಮ್ಮಲ್ಲಿ 1959ರ ಶಸ್ತ್ರ ಕಾಯಿದೆಯ ಪ್ರಕಾರ ಬಾಯಿಂದ ಮದ್ದು ತುಂಬುವ ಕೋವಿಗೂ ಪರವಾನಗಿ ಬೇಕು. ಕೊಡಗಿನವರಿಗೆ ಮಾತ್ರ ಬ್ರಿಟಿಷರ ಕಾಲದಿಂದ ವಿನಾಯಿತಿ ನಡೆದುಬಂದಿದೆ. ಕೈಲ್ ಪೋಳ್ದ್ ಹಬ್ಬದ ದಿನ ಅಲ್ಲಿ ಕೋವಿಗೆ ಹೂವೇರಿಸಿ ಪೂಜಿಸುತ್ತಾರೆ. ಆದರೆ ಅನುಕರಿಸಲು ಯೋಗ್ಯವಾದುದು ಕೋವಿಯಲ್ಲ, ಕ್ರಮ. ನಮ್ಮ ಊರುಗಳಲ್ಲಿ ಗಾಣ, ಮಗ್ಗ, ರಥ, ಏತ, ಕಂಚಿನ ಎರಕ ಇವುಗಳನ್ನು ಬಲ್ಲ ಕೊನೆಯ ಕೈಗಳು ಇನ್ನೂ ಅಲ್ಲಲ್ಲಿ ಇವೆ. ವಸ್ತುವನ್ನು ವಸ್ತುಸಂಗ್ರಹಾಲಯದಲ್ಲಿಟ್ಟು, ವಿದ್ಯೆಯನ್ನು ಮಣ್ಣಿಗೆ ಬಿಟ್ಟರೆ, ನಾಳೆ ನಮ್ಮ ಬಳಿ ಪದಗಳು ಮಾತ್ರ ಉಳಿದಾವು. ಆಗ ನಿಘಂಟಿನಲ್ಲಿ ‘ಕುದುರೆ’ಯಂಥ ಅರ್ಥವನ್ನು ಕಂಡು, ಇದೇನಿರಬಹುದೆಂದು ಇನ್ನೊಬ್ಬ ಮೇಷ್ಟರು ತಲೆ ಕೆರೆದುಕೊಳ್ಳುತ್ತಾ ಕೂರಬೇಕಾದೀತು.